ಆನ್‌ಲೈನ್‌ನಲ್ಲಿ ‘ನಾನು ಫ್ರೀಮೇಸನ್’ ಅಂದವರನ್ನು ನಂಬಬಹುದಾ?

ಪ್ರಶ್ನೆ: ಸಾರ್, ನಾನು ದಾವಣಗೆರೆಯವನು. ಫ್ರೀಮೇಸನ್‌ಗಳು, ಅಂದರೆ ಗುಟ್ಟಿನ ವಿಧಿಗಳಿರುವ ಆ ಹಳೇ ಸೋದರ ಸಂಘದವರ ಬಗ್ಗೆ ತುಂಬ ದಿನದಿಂದ ಕುತೂಹಲ, ಸಿಕ್ಕಿದ್ದೆಲ್ಲ ಓದುತ್ತಿದ್ದೇನೆ. ಒಂದು ಟೆಲಿಗ್ರಾಂ ಗುಂಪಿನಲ್ಲಿ ಒಬ್ಬರು ತಾವು ಸ್ಕಾಟ್ಲೆಂಡಿನ 33ನೇ ಡಿಗ್ರಿ (ದರ್ಜೆ) ಮೇಸನ್ ಎನ್ನುತ್ತಾರೆ. ಉಂಗುರ, ಏಪ್ರನ್, ಸರ್ಟಿಫಿಕೇಟ್ ಎಲ್ಲದರ ಫೋಟೋ ಹಾಕಿದ್ದಾರೆ. ಇನ್ನೊಬ್ಬರು ಅವರಿಗೆ ಏನೋ ಗುಟ್ಟಿನ ಪ್ರಶ್ನೆ ಕೇಳಿ, ಉತ್ತರ ಸರಿಯಾಗಿ ಬರಲಿಲ್ಲ, ಇವನು ನಕಲಿ ಎಂದು ಜಗಳ ತೆಗೆದರು. ಈಗ ಮೊದಲನೆಯವರು ನನಗೆ ಖಾಸಗಿಯಾಗಿ ಮೆಸೇಜ್ ಮಾಡಿ, 25,000 ರೂಪಾಯಿ ಕಳಿಸಿದರೆ ಮನೆಯಲ್ಲೇ ಕೂತು ಸದಸ್ಯನಾಗಬಹುದು ಅಂತಿದ್ದಾರೆ. ಇವರಲ್ಲಿ ಅಸಲಿ ಯಾರು ಅಂತ ಪತ್ತೆ ಹಚ್ಚೋದು ಹೇಗೆ?

ಉತ್ತರ: ಮೊದಲು ದುಡ್ಡಿನ ವಿಷಯ ಮುಗಿಸಿಬಿಡೋಣ. ಕಳಿಸಬೇಡಿ. ಒಂದು ರೂಪಾಯಿಯೂ ಬೇಡ. ಮನೆಯಲ್ಲಿ ಕೂತು ಫ್ರೀಮೇಸನ್ ಆಗುವ ದಾರಿ ಇಲ್ಲ. ಲಾಡ್ಜ್‌ಗೆ, ಅಂದರೆ ಮೇಸನ್‌ಗಳ ಸ್ಥಳೀಯ ಶಾಖೆಗೆ, ಸೇರಬೇಕು ಅಂದರೆ ಅಲ್ಲಿನ ಸದಸ್ಯರೇ ನಿಮ್ಮ ಹೆಸರನ್ನು ಸೂಚಿಸಬೇಕು, ಇನ್ನೊಬ್ಬರು ಅನುಮೋದಿಸಬೇಕು, ನಾಲ್ಕಾರು ಜನ ನಿಮ್ಮನ್ನು ಕೂರಿಸಿಕೊಂಡು ಮಾತಾಡಬೇಕು, ಆಮೇಲೆ ಬಿಳಿ ಗುಂಡು ಕಪ್ಪು ಗುಂಡು ಹಾಕಿ ಗುಟ್ಟಾಗಿ ಮತ ಹಾಕುತ್ತಾರೆ. ಅದರಲ್ಲಿ ಪಾಸಾದರೆ ನೀವೇ ಖುದ್ದಾಗಿ ಲಾಡ್ಜ್‌ಗೆ ಹೋಗಿ ದೀಕ್ಷೆ ತಗೋಬೇಕು. 2020ರಲ್ಲಿ ಕೋವಿಡ್ ಬಂದಾಗ ಇಂಗ್ಲೆಂಡಿನಲ್ಲಿ ಲಾಡ್ಜ್ ಸಭೆಗಳನ್ನೇ ನಿಲ್ಲಿಸಿದರು. ಸದಸ್ಯರು ಝೂಮ್‌ನಲ್ಲಿ ಕೂತು ಹರಟೆ ಹೊಡೆದಿರಬಹುದು, ದೀಕ್ಷೆಯನ್ನು ಮಾತ್ರ ಝೂಮ್‌ನಲ್ಲಿ ಕೊಡಲಿಲ್ಲ. ಸೇರುವುದಕ್ಕೆ ಫೀಸ್ ಇದೆ, ವರ್ಷಾ ವರ್ಷಾ ಚಂದಾ ಕೂಡ ಇದೆ, ಅದನ್ನು ಯಾರೂ ಮುಚ್ಚಿಡುವುದಿಲ್ಲ. ಆದರೆ ಅದು ಹೋಗುವುದು ಲಾಡ್ಜ್‌ನ ಲೆಕ್ಕಕ್ಕೆ. ಮುಖ ನೋಡದ ಒಬ್ಬರ ಯುಪಿಐಗಲ್ಲ.

ಈಗ ನಿಮ್ಮ ನಿಜವಾದ ಪ್ರಶ್ನೆ. ನೇರವಾಗಿ ಹೇಳ್ತೀನಿ: ಮಾತಿನಲ್ಲಿ, ಫೋಟೋದಲ್ಲಿ, ಪ್ರಶ್ನೋತ್ತರದಲ್ಲಿ ಇದನ್ನು ಪತ್ತೆ ಹಚ್ಚೋಕೆ ಆಗುವುದಿಲ್ಲ. ನಿಮಗೂ ಆಗಲ್ಲ, ಇನ್ನೊಬ್ಬ ಮೇಸನ್‌ಗೂ ಆಗಲ್ಲ. ನಾನು ಮೇಸನ್ನೋ ಅಲ್ಲವೋ ಅನ್ನುವುದನ್ನೂ ಬೇಕಂತಲೇ ಇಲ್ಲಿ ಬರೆಯುತ್ತಿಲ್ಲ. ಬರೆದರೆ ನೀವು ಅದನ್ನು ಪರೀಕ್ಷೆ ಮಾಡುವುದು ಹೇಗೆ? ಇಲ್ಲಿ ಹೇಳುವುದನ್ನೆಲ್ಲ ನೀವೇ ಹುಡುಕಿ ನೋಡಬಹುದು, ಅಷ್ಟು ಸಾಕು.

ಆ ಎರಡನೆಯವರು ಕೇಳಿದ ‘ಗುಟ್ಟಿನ ಪ್ರಶ್ನೆ’ಯಿಂದ ಶುರು ಮಾಡೋಣ. ಇಂಥ ಜಗಳಗಳಲ್ಲಿ ಎಲ್ಲರೂ ಮೊದಲು ತೆಗೆಯುವ ಅಸ್ತ್ರ ಇದೇ. ಲಂಡನ್ನಿನಲ್ಲಿ ಮೊದಲ ಗ್ರ್ಯಾಂಡ್ ಲಾಡ್ಜ್ (ಹಲವು ಲಾಡ್ಜ್‌ಗಳ ಮೇಲಿನ ಆಡಳಿತ ಸಂಸ್ಥೆ) ಹುಟ್ಟಿದ್ದು 1717ರ ಜೂನ್ 24ರಂದು ಅಂತ ಅವರೇ ಹೇಳಿಕೊಳ್ಳುತ್ತಾರೆ. ಅದಾಗಿ 13 ವರ್ಷಕ್ಕೆ, 1730ರಲ್ಲಿ, ಸ್ಯಾಮ್ಯುಯೆಲ್ ಪ್ರಿಚರ್ಡ್ ಅನ್ನುವವನು ಒಳಗಿನ ಪ್ರಶ್ನೋತ್ತರವನ್ನೆಲ್ಲ ಒಂದು ಸಣ್ಣ ಪುಸ್ತಕ ಮಾಡಿ ಮಾರಿಬಿಟ್ಟ. ಬಿಸಿ ದೋಸೆ ಥರ ಖರ್ಚಾಯಿತು. ದುಡ್ಡು ಕೊಟ್ಟು ಪುಸ್ತಕ ತಗೊಂಡವರೆಲ್ಲ ಲಾಡ್ಜ್ ಬಾಗಿಲಿಗೆ ಬಂದು ‘ನಾನೂ ಮೇಸನ್’ ಅನ್ನುವ ಹಾಗಾಯಿತು. ಇದನ್ನು ತಡೆಯಲು ಲಂಡನ್ ಗ್ರ್ಯಾಂಡ್ ಲಾಡ್ಜ್ ಒಂದು ಉಪಾಯ ಮಾಡಿತು. ಮೊದಲ ಡಿಗ್ರಿಯ ಗುರುತಿನ ಪದವನ್ನು ಎರಡನೆಯದಕ್ಕೆ, ಎರಡನೆಯದನ್ನು ಮೊದಲನೆಯದಕ್ಕೆ ಅದಲು ಬದಲು ಮಾಡಿತು. ಪುಸ್ತಕ ಓದಿ ಬಂದವನು ಸಿಕ್ಕಿಬೀಳಲಿ ಅಂತ. ಆಗಿದ್ದೇ ಬೇರೆ. ಹಳೇ ಪದ್ಧತಿಯಲ್ಲೇ ದೀಕ್ಷೆ ಪಡೆದಿದ್ದ ಐರ್ಲೆಂಡ್ ಕಡೆಯ ಅಸಲಿ ಮೇಸನ್‌ಗಳು ಲಂಡನ್ನಿಗೆ ಬಂದರೆ ಅವರ ಉತ್ತರವೇ ತಾಳೆಯಾಗದು. 1751ರಲ್ಲಿ ಲಂಡನ್ನಿನಲ್ಲಿ ಇನ್ನೊಂದು ಗ್ರ್ಯಾಂಡ್ ಲಾಡ್ಜ್ ಹುಟ್ಟಿಕೊಂಡಿತು, ‘ನೀವು ಹಳೆಯದನ್ನು ಕೆಡಿಸಿದವರು’ ಅನ್ನುವುದು ಅದರ ದೊಡ್ಡ ದೂರು. ಎರಡೂ ಒಂದಾಗಲು 1813 ಬರಬೇಕಾಯಿತು. ಈಗಿನ ಯುನೈಟೆಡ್ ಗ್ರ್ಯಾಂಡ್ ಲಾಡ್ಜ್ ಆಫ್ ಇಂಗ್ಲೆಂಡ್ ಹುಟ್ಟಿದ್ದು ಹೀಗೆ.

ಅಂದರೆ ಗುಟ್ಟಿನ ಪದದ ಪರೀಕ್ಷೆ ಸುಮಾರು ಮುನ್ನೂರು ವರ್ಷದ ಹಿಂದೆಯೇ ಕೆಟ್ಟಿತ್ತು. ಆಮೇಲೆ ಇಂಥ ಪುಸ್ತಕಗಳು ಬರುತ್ತಲೇ ಹೋದವು. 1826ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬಟೇವಿಯಾ ಊರಿನ ವಿಲಿಯಂ ಮಾರ್ಗನ್ ಅನ್ನುವವನು ಗುಟ್ಟು ಬಯಲು ಮಾಡುವ ಪುಸ್ತಕ ತರುತ್ತೇನೆ ಎಂದು ಹೊರಟು ನಾಪತ್ತೆಯಾದ. ಮೇಸನ್‌ಗಳೇ ಅವನನ್ನು ಎತ್ತಿಹಾಕಿಕೊಂಡು ಹೋದರು ಎಂದು ಊರೆಲ್ಲ ರೊಚ್ಚಿಗೆದ್ದಿತು, ಮೇಸನ್ ವಿರೋಧವನ್ನೇ ಹೆಸರಾಗಿಟ್ಟುಕೊಂಡ ರಾಜಕೀಯ ಪಕ್ಷವೇ ಹುಟ್ಟಿತು. ಪುಸ್ತಕವಂತೂ ಅಚ್ಚಾಗಿಯೇ ಬಂತು. ಇವತ್ತು ಅದೆಲ್ಲ ಪುಕ್ಕಟೆ ಪಿಡಿಎಫ್. ಮೊಬೈಲ್ ಇರುವ ಯಾರು ಬೇಕಾದರೂ ಒಂದು ವಾರ ಕೂತು ಬಾಯಿಪಾಠ ಮಾಡಬಹುದು.

ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ವಿಧಿ ಎಲ್ಲ ಕಡೆ ಒಂದೇ ಇರುವುದಿಲ್ಲ. ಇಂಗ್ಲೆಂಡಿನ ಒಳಗೇ ಹಲವು ಪಾಠಗಳಿವೆ. ಸ್ಕಾಟ್ಲೆಂಡಿನಲ್ಲಿ ಲಾಡ್ಜ್‌ನಿಂದ ಲಾಡ್ಜ್‌ಗೆ ಫರಕು ಬರುತ್ತದೆ. ಅಮೆರಿಕದಲ್ಲಿ ರಾಜ್ಯಕ್ಕೊಂದು ಗ್ರ್ಯಾಂಡ್ ಲಾಡ್ಜ್, ಹಾಗಾಗಿ ಪಾಠವೂ ಬದಲಾಗುತ್ತದೆ. ಟೆಕ್ಸಾಸ್‌ನವರ ಪ್ರಶ್ನೆಗೆ ಎಡಿನ್‌ಬರೋದ ಅಸಲಿ ಸದಸ್ಯ ತಪ್ಪು ಉತ್ತರ ಕೊಡಬಹುದು, ಸುಳ್ಳನಲ್ಲದೆಯೂ. ಮತ್ತೆ ಗುರುತಿನ ಪದ, ಗುರುತಿನ ಕೈಸನ್ನೆ ಯಾರಿಗೂ ಹೇಳುವುದಿಲ್ಲ ಎಂದು ಪ್ರತಿಜ್ಞೆ ಮಾಡಿದವನು ನೂರಾರು ಜನ ನೋಡುವ ಗುಂಪಿನಲ್ಲಿ ಅದನ್ನು ಟೈಪ್ ಮಾಡುತ್ತಾನಾ? ಸುಮ್ನೆ ಇರುತ್ತಾನೆ. ಪಿಡಿಎಫ್ ಓದಿದವನು ಪಟಪಟ ಅಂತ ಹೇಳಿಬಿಡುತ್ತಾನೆ. ಹೀಗಾಗಿ ಈ ಪರೀಕ್ಷೆಯಲ್ಲಿ ಪಾಸಾಗುವವರು ನಕಲಿಗಳೇ ಜಾಸ್ತಿ. ಕೇಳಿದವರೂ ಅಸಲಿ ಇರಲಾರರು ಅನ್ನುವ ಅನುಮಾನ ನನಗಿದೆ, ಯಾಕೆಂದರೆ ಬಹಿರಂಗವಾಗಿ ಹಾಗೆ ಕೇಳುವುದೂ ಅವರ ಪದ್ಧತಿಯಲ್ಲ.

ಹಾಗಾದರೆ ಲಾಡ್ಜ್‌ನವರು ಹೊಸಬ ಬಂದಾಗ ಏನು ಮಾಡುತ್ತಾರೆ? ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬಾಗಿಲ ಹೊರಗೆ ಟೈಲರ್ (ಬಟ್ಟೆ ಹೊಲಿಯುವವರಲ್ಲ, ಬಾಗಿಲು ಕಾಯುವವರು) ಅಂತ ಒಬ್ಬರು ಇರುತ್ತಾರೆ, ಕೈಯಲ್ಲಿ ಕತ್ತಿ. ಕತ್ತಿ ಈಗ ಶಾಸ್ತ್ರಕ್ಕೆ, ಕೆಲಸ ಮಾತ್ರ ನಿಜವಾದದ್ದು: ಸದಸ್ಯರಲ್ಲದವರನ್ನು ಒಳಗೆ ಬಿಡದಿರುವುದು. ಪರಿಚಯದವರಿಲ್ಲದೆ ಒಬ್ಬನೇ ಬಂದವನು ತನ್ನ ಗ್ರ್ಯಾಂಡ್ ಲಾಡ್ಜ್ ಕೊಟ್ಟ ಸರ್ಟಿಫಿಕೇಟ್ ತೋರಿಸಬೇಕು. ಇಂಗ್ಲೆಂಡಿನ ಸರ್ಟಿಫಿಕೇಟ್‌ನ ಅಂಚಿನಲ್ಲಿ ಸದಸ್ಯನ ಸಹಿಗೆಂದೇ ಜಾಗ ಇದೆ. ಅದು ಕೈಗೆ ಬಂದಾಗಲೇ ಅವನು ಅಲ್ಲಿ ಸಹಿ ಹಾಕಿರಬೇಕು. ಬೇರೆ ಊರಿನ ಲಾಡ್ಜ್‌ನಲ್ಲಿ ಹಾಜರಿ ಪುಸ್ತಕಕ್ಕೆ ಸಹಿ ಮಾಡಿದಾಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು. ಕದ್ದ ಸರ್ಟಿಫಿಕೇಟ್ ತಂದವನು ಇಲ್ಲೇ ಬೆವರುತ್ತಾನೆ. ಆದರೆ ಸರ್ಟಿಫಿಕೇಟ್ ಒಂದು ಸಲ ಕೊಟ್ಟದ್ದು, ಅದು ಹಳೆಯದಾಗುವುದಿಲ್ಲ, ಸದಸ್ಯತ್ವ ಹಳೆಯದಾಗುತ್ತದೆ. ಚಂದಾ ಕಟ್ಟದೆ ಹೆಸರು ಹೊಡೆಸಿಕೊಂಡವನ ಗೋಡೆಯ ಮೇಲೂ ಅದು ನೇತಾಡುತ್ತಿರುತ್ತದೆ. ಅದಕ್ಕೇ ಈ ವರ್ಷದ ಚಂದಾ ಕಟ್ಟಿದ ಪುರಾವೆಯನ್ನೂ ಕೇಳುತ್ತಾರೆ. ಅಮೆರಿಕದಲ್ಲಿ ಇದಕ್ಕೆ ಡ್ಯೂಸ್ ಕಾರ್ಡ್ ಅಂತಾರೆ, ಜೇಬಿನಲ್ಲಿ ಇಟ್ಟುಕೊಳ್ಳುವಷ್ಟು ಚಿಕ್ಕದು. ಅವನ ಲಾಡ್ಜ್ ಮಾನ್ಯತೆ ಇರುವುದೋ ಅಲ್ಲವೋ ಎಂದು ನೋಡಲು ಅಲ್ಲಿ ಲಾಡ್ಜ್‌ಗಳ ಪಟ್ಟಿಯ ಪುಸ್ತಕವೇ ಇದೆ. ಇಷ್ಟಾದ ಮೇಲೆ ಹಿರಿಯರು ಪಕ್ಕದ ಕೋಣೆಯಲ್ಲಿ ಕೂರಿಸಿಕೊಂಡು ಪ್ರಶ್ನೆ ಕೇಳುತ್ತಾರೆ. ಅಮೆರಿಕದ ಎಷ್ಟೋ ಕಡೆ ಅದಕ್ಕೆ ಮೊದಲು ಪ್ರಮಾಣವನ್ನೂ ಮಾಡಿಸುತ್ತಾರೆ, ತಾನು ದೀಕ್ಷೆ ಪಡೆದವನು, ಸಸ್ಪೆಂಡ್ ಆಗಿಲ್ಲ, ಹೊರಗೆ ಹಾಕಿಸಿಕೊಂಡಿಲ್ಲ ಅಂತ.

ನೋಡಿ, ಗುಟ್ಟಿನ ಪ್ರಶ್ನೆ ಬಂದದ್ದು ಎಲ್ಲಕ್ಕಿಂತ ಕೊನೆಗೆ. ಅಷ್ಟು ಹೊತ್ತಿಗೆ ಕಾಗದ ಪತ್ರವೆಲ್ಲ ನೋಡಿ ಆಗಿರುತ್ತದೆ, ಮನುಷ್ಯ ಎದುರಿಗೇ ಕೂತಿರುತ್ತಾನೆ.

ಇಷ್ಟೆಲ್ಲ ರಗಳೆ ಬೇಡ ಅಂದರೆ ಒಂದೇ ದಾರಿ: ಒಳಗಿರುವ ಸದಸ್ಯನೊಬ್ಬ ‘ಇವರ ಜೊತೆ ನಾನು ಲಾಡ್ಜ್‌ನಲ್ಲಿ ಕೂತಿದ್ದೇನೆ’ ಅನ್ನಬೇಕು. ಕೂತಿದ್ದೇನೆ ಅನ್ನುವುದು ಮುಖ್ಯ. ‘ಅವರು ಮೇಸನ್ ಅಂತ ಕೇಳಿದ್ದೇನೆ’ ನಡೆಯುವುದಿಲ್ಲ. ‘ಹತ್ತು ವರ್ಷದಿಂದ ಫೇಸ್‌ಬುಕ್‌ನಲ್ಲಿ ಗೊತ್ತು’ ಅನ್ನುವುದಂತೂ ಮೊದಲೇ ನಡೆಯುವುದಿಲ್ಲ. ನಮ್ಮ ಕಡೆ ಗಂಡು ನೋಡುವಾಗ ಗಂಡಿನ ಬಾಯಲ್ಲಿ ಗಂಡಿನ ಗುಣ ಕೇಳುತ್ತೇವಾ? ಅವನ ಊರಿಗೆ ಹೋಗಿ, ಅವನನ್ನು ದಿನಾ ಕಂಡವರನ್ನು ವಿಚಾರಿಸುತ್ತೇವೆ. ಮೇಸನ್‌ಗಳದ್ದೂ ಅದೇ ಲೆಕ್ಕ. ಆನ್‌ಲೈನ್‌ನಲ್ಲಿ ಯಾರ ಜೊತೆ ಯಾರೂ ಕೂತಿಲ್ಲ, ಅದಕ್ಕೇ ಅಲ್ಲಿ ಇದು ಬಗೆಹರಿಯುವುದಿಲ್ಲ. ವಿಷಯವನ್ನು ಆನ್‌ಲೈನ್‌ನಿಂದ ಹೊರಗೆ ತರಬೇಕು.

ಹೊರಗೆ ತರುವುದು ಹೀಗೆ. ಅವರನ್ನು ಮೂರೇ ವಿಷಯ ಕೇಳಿ: ಲಾಡ್ಜ್‌ನ ಹೆಸರು, ಅದರ ನಂಬರ್, ಅದು ಯಾವ ಗ್ರ್ಯಾಂಡ್ ಲಾಡ್ಜ್ ಕೆಳಗೆ ಬರುತ್ತದೆ. ಇದು ಯಾವುದೂ ಗುಟ್ಟಲ್ಲ. ನಿಮ್ಮನ್ನು ಸೇರಿಸಿಕೊಳ್ಳುತ್ತೇನೆ ಅನ್ನುವವರು ಇಷ್ಟನ್ನೂ ಹೇಳದೆ ‘ಅದೆಲ್ಲ ರಹಸ್ಯ’ ಅಂದರೆ ಅಲ್ಲಿಗೇ ಕೈ ತೊಳೆದುಕೊಳ್ಳಿ. ಹೇಳಿದರೆ, ಆ ಗ್ರ್ಯಾಂಡ್ ಲಾಡ್ಜ್‌ನ ಜಾಲತಾಣವನ್ನು ನೀವೇ ಹುಡುಕಿ. ಅವರು ಕಳಿಸಿದ ಲಿಂಕ್ ಒತ್ತಬೇಡಿ, ಅವರು ಕೊಟ್ಟ ಫೋನ್ ನಂಬರಿಗೆ ಮಾಡಬೇಡಿ. ಆ ಹೆಸರಿನ, ಆ ನಂಬರಿನ ಲಾಡ್ಜ್ ಇದೆಯಾ ನೋಡಿ.

ಲಾಡ್ಜ್ ಇದೆ ಅಂತ ಗೊತ್ತಾದರೂ ಕೆಲಸ ಅರ್ಧ ಮಾತ್ರ ಆಗಿದೆ. ಜಾಣ ಮೋಸಗಾರ ಸುಳ್ಳು ಲಾಡ್ಜ್ ಹುಟ್ಟಿಸುವುದಿಲ್ಲ, ನಿಜವಾದ ಲಾಡ್ಜ್‌ನ ನಿಜವಾದ ಸದಸ್ಯನ ಹೆಸರು, ಫೋಟೋ ಎರಡನ್ನೂ ಕದಿಯುತ್ತಾನೆ. ‘ಈ ಹೆಸರಿನವರು ನಿಮ್ಮಲ್ಲಿ ಇದ್ದಾರಾ’ ಎಂದು ಕೇಳಿ, ಅವರು ‘ಇದ್ದಾರೆ’ ಅಂದರೂ, ನಿಮಗೆ ಮೆಸೇಜ್ ಮಾಡುತ್ತಿರುವವನು ಅವನೇ ಅನ್ನುವುದು ಎಲ್ಲಿ ಸಾಬೀತಾಯಿತು? ಇನ್ನು ಎಷ್ಟೋ ಲಾಡ್ಜ್‌ನವರು ಸದಸ್ಯರ ವಿವರವನ್ನು ಹೊರಗಿನವರಿಗೆ ಕೊಡುವುದೇ ಇಲ್ಲ, ಕೊಡಬಾರದು ಕೂಡ. ಹಾಗಾಗಿ ಸೆಕ್ರೆಟರಿಗೆ ಬರೆಯುವಾಗ ಹೀಗೆ ಬರೆಯಿರಿ: ‘ನಿಮ್ಮ ಸದಸ್ಯ ಎಂದು ಹೇಳಿಕೊಂಡು ಈ ಹೆಸರಿನವರು ನನ್ನ ಜೊತೆ ಮಾತಾಡುತ್ತಿದ್ದಾರೆ, ದುಡ್ಡು ಕೇಳಿದ್ದಾರೆ. ಅವರ ಯಾವ ವಿವರವೂ ನನಗೆ ಬೇಡ. ಅವರು ನಿಮ್ಮವರೇ ಆಗಿದ್ದರೆ ಈ ವಿಷಯ ಅವರಿಗೆ ತಿಳಿಸಿ, ನನಗೆ ಟೆಲಿಗ್ರಾಂನಲ್ಲಿ “ತುಂಗಭದ್ರಾ 58” ಅಂತ ಕಳಿಸಲು ಹೇಳಿ.’ ಆ ಪದ ಟೆಲಿಗ್ರಾಂಗೆ ಬಂದರೆ ಮಾತಾಡುತ್ತಿರುವವರು ಆ ಲಾಡ್ಜ್‌ನವರೇ. ಬರದಿದ್ದರೂ ನಷ್ಟವಿಲ್ಲ, ಪಾಪ ಅಲ್ಲಿ ಯಾರದೋ ಹೆಸರು ದುರುಪಯೋಗ ಆಗುತ್ತಿದ್ದರೆ ಅವರಿಗೆ ಗೊತ್ತಾಗುತ್ತದೆ. ನೀವೇ ಮೇಸನ್ ಆಗಿದ್ದರೆ ದಾರಿ ಇನ್ನೂ ಸರಳ: ನಿಮ್ಮ ಸೆಕ್ರೆಟರಿ ಮೂಲಕ ನಿಮ್ಮ ಗ್ರ್ಯಾಂಡ್ ಲಾಡ್ಜ್ ಕಚೇರಿಗೆ ಕೇಳಿಸಿ, ಅವರು ಆ ಕಡೆಯ ಕಚೇರಿಯನ್ನು ಕೇಳುತ್ತಾರೆ.

ಉಂಗುರ, ಏಪ್ರನ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅಮೆಜಾನ್‌ನಲ್ಲಿ ಸಿಗುತ್ತವೆ.

33ನೇ ಡಿಗ್ರಿ ಅನ್ನುವುದಕ್ಕೆ ಮಾತ್ರ ಎರಡು ಮಾತು ಬೇಕು, ಯಾಕೆಂದರೆ ನಮ್ಮ ಜನ ಮರುಳಾಗುವುದೇ ಅಲ್ಲಿ. ಮೂಲ ಡಿಗ್ರಿಗಳು ಮೂರೇ, ಮೂರನೆಯದು ಮಾಸ್ಟರ್ ಮೇಸನ್, ಅದರ ಮೇಲೆ ಲಾಡ್ಜ್‌ನಲ್ಲಿ ಇನ್ನೊಂದು ಡಿಗ್ರಿ ಇಲ್ಲ. 4ರಿಂದ 33ರ ತನಕದ್ದು ಸ್ಕಾಟಿಷ್ ರೈಟ್ ಅನ್ನುವ ಬೇರೆ ಸಂಸ್ಥೆಯದ್ದು, ಮಾಸ್ಟರ್ ಮೇಸನ್ ಆದವರು ಬೇಕಾದರೆ ಸೇರಬಹುದು. ಹೆಸರಿನಲ್ಲಿ ಸ್ಕಾಟ್ಲೆಂಡ್ ಇದ್ದರೂ ಅದರ ಮೊದಲ ಸುಪ್ರೀಂ ಕೌನ್ಸಿಲ್ ಶುರುವಾದದ್ದು 1801ರಲ್ಲಿ ಅಮೆರಿಕದ ದಕ್ಷಿಣ ಕ್ಯಾರೊಲಿನಾದ ಚಾರ್ಲ್‌ಸ್ಟನ್ ಊರಿನಲ್ಲಿ. ಅಲ್ಲಿ 33ನೆಯದು ಸೇವೆ ನೋಡಿ ಅವರೇ ಕರೆದು ಕೊಡುವ ಗೌರವ. ಅಂಥವರು ಇಲ್ಲವೆಂದಲ್ಲ, ಇದ್ದಾರೆ. ಆದರೆ ಹೆಸರಿನ ಮುಂದೆ ‘33 ಡಿಗ್ರಿ’ ಹಾಕಿಕೊಂಡು ಅಪರಿಚಿತರ ಇನ್‌ಬಾಕ್ಸ್‌ಗೆ ಇಳಿದು ಗಿರಾಕಿ ಹುಡುಕುವವರು ಅವರಲ್ಲ. ಪಕ್ಕದಲ್ಲಿ ‘ಇಲ್ಯುಮಿನಾಟಿ’ ಅಂತಲೂ ಇದ್ದರೆ ಇನ್ನೂ ಸುಲಭವಾಯಿತು. ಆ ಸಂಘ 1776ರಲ್ಲಿ ಬವೇರಿಯಾದಲ್ಲಿ ಹುಟ್ಟಿ, ಹತ್ತು ವರ್ಷ ತುಂಬುವ ಮೊದಲೇ ಸರ್ಕಾರದ ನಿಷೇಧಕ್ಕೆ ಸಿಕ್ಕಿ ಮುಗಿದುಹೋಯಿತು.

ಡಿಗ್ರಿ ಮಾರುವ ದಂಧೆಯೂ ಹೊಸದಲ್ಲ. ಮ್ಯಾಥ್ಯೂ ಮೆಕ್‌ಬ್ಲೇನ್ ಥಾಮ್ಸನ್ ಅನ್ನುವವನ ಕತೆ ನಿಮ್ಮ ಕೇಸಿಗೆ ತುಂಬ ಹತ್ತಿರ. ಅವನು ಸ್ಕಾಟ್ಲೆಂಡಿನಲ್ಲಿ ಹುಟ್ಟಿದವನು, ಅಲ್ಲಿ ನಿಜವಾಗಿಯೂ ಮೇಸನ್ ಆಗಿದ್ದವನು. ಅಮೆರಿಕಕ್ಕೆ ಹೋಗಿ ‘ಅಮೆರಿಕನ್ ಮೆಸಾನಿಕ್ ಫೆಡರೇಷನ್’ ಅಂತ ಸಂಸ್ಥೆ ಕಟ್ಟಿದ. ಸ್ಕಾಟ್ಲೆಂಡಿನಿಂದ ನನಗೆ ಅಧಿಕಾರ ಬಂದಿದೆ ಅನ್ನುತ್ತಾ, ಏಜೆಂಟರನ್ನು ಊರೂರಿಗೆ ಕಳಿಸಿ ಡಿಗ್ರಿ ಮಾರಿದ. ಕೊಂಡವರು ಬಡಪಾಯಿಗಳು, ತಾವು ಅಸಲಿ ಮೇಸನ್ ಎಂದೇ ನಂಬಿದ್ದರು, ಬೇರೆ ಲಾಡ್ಜ್ ಬಾಗಿಲಿಗೆ ಹೋದಾಗಷ್ಟೇ ಸತ್ಯ ತಿಳಿಯುತ್ತಿತ್ತು. ಅಂಚೆ ಇಲಾಖೆ ಹಿಂದೆ ಬಿತ್ತು. 1922ರಲ್ಲಿ ಸಾಲ್ಟ್ ಲೇಕ್ ಸಿಟಿಯ ಫೆಡರಲ್ ಕೋರ್ಟ್ ಅಂಚೆ ಮೂಲಕ ವಂಚನೆ ಮಾಡಿದ್ದಕ್ಕೆ ಅವನಿಗೂ ಜೊತೆಗಾರರಿಗೂ ಜೈಲು ಶಿಕ್ಷೆ ಕೊಟ್ಟಿತು. ಅಸಲಿ ಸದಸ್ಯ ಆಗಿರುವುದು ಬೇರೆ, ಪ್ರಾಮಾಣಿಕ ಆಗಿರುವುದು ಬೇರೆ ಅಲ್ವಾ?

ಪ್ಯಾರಿಸ್ಸಿನ ಲಿಯೋ ಟ್ಯಾಕ್ಸಿಲ್ ಇನ್ನೂ ಕಿಲಾಡಿ. 1881ರಲ್ಲಿ ಲಾಡ್ಜ್ ಸೇರಿದ, ಬೇಗನೇ ಹೊರಗೆ ಹಾಕಿಸಿಕೊಂಡ. ಆಮೇಲೆ ವರ್ಷಗಟ್ಟಲೆ ‘ಮೇಸನ್‌ಗಳು ಸೈತಾನನ್ನು ಪೂಜೆ ಮಾಡುತ್ತಾರೆ, ಒಳಗಿದ್ದು ನೋಡಿದ್ದೇನೆ’ ಅಂತ ಪುಸ್ತಕದ ಮೇಲೆ ಪುಸ್ತಕ ಬರೆದ. 1897ರ ಏಪ್ರಿಲ್ 19ರಂದು ತುಂಬಿದ ಸಭೆಯಲ್ಲಿ ನಿಂತು, ಎಲ್ಲ ನಾನೇ ಕಟ್ಟಿದ ಕತೆ ಎಂದು ನಗುನಗುತ್ತಾ ಒಪ್ಪಿಕೊಂಡ. ಅಮೆರಿಕದ ಮೇಸನ್ ನಾಯಕ ಆಲ್ಬರ್ಟ್ ಪೈಕ್ ಲೂಸಿಫರನನ್ನು (ಸೈತಾನನನ್ನು) ದೇವರು ಅಂದ ಎಂದು ಇವತ್ತಿಗೂ ವಾಟ್ಸಾಪ್‌ನಲ್ಲಿ ಓಡಾಡುವ ಮಾತು ಇದೇ ಕಾರ್ಖಾನೆಯದ್ದು. ಆದ್ದರಿಂದ ‘ಮಾಜಿ ಮೇಸನ್, ಎಲ್ಲ ಬಯಲು ಮಾಡ್ತೀನಿ’ ಅನ್ನುವವರಿಗೂ ಇದೇ ಜರಡಿ ಹಿಡಿಯಿರಿ.

ಇನ್ನೊಂದು ಸಿಕ್ಕು. ಅಸಲಿ ಅನ್ನುವುದು ಯಾರ ಲೆಕ್ಕದಲ್ಲಿ? ಫ್ರಾನ್ಸಿನ ಗ್ರ್ಯಾಂಡ್ ಓರಿಯೆಂಟ್ 1877ರಲ್ಲಿ ದೇವರನ್ನು ನಂಬಲೇಬೇಕೆಂಬ ನಿಯಮ ತೆಗೆದುಹಾಕಿತು, ಇಂಗ್ಲೆಂಡಿನವರು ಅವರ ಜೊತೆ ಸಂಬಂಧ ಕಡಿದುಕೊಂಡರು. ಪ್ಯಾರಿಸ್ಸಿನ ಸದಸ್ಯ ತಾನು ಮೇಸನ್ ಅಂದರೆ ಅವನು ಸುಳ್ಳು ಹೇಳುತ್ತಿಲ್ಲ, ಲಂಡನ್ನಿನವನು ಅವನನ್ನು ಒಳಗೆ ಬಿಡದಿದ್ದರೆ ಅವನದೂ ತಪ್ಪಲ್ಲ. ಅಮೆರಿಕದ ಕಪ್ಪು ಜನರ ಪ್ರಿನ್ಸ್ ಹಾಲ್ ಲಾಡ್ಜ್‌ಗಳ ಕತೆ ಇದಕ್ಕಿಂತ ನೋವಿನದ್ದು. ಅವರ ಮೂಲ ಲಾಡ್ಜ್‌ಗೆ 1784ರಲ್ಲಿ ಲಂಡನ್ನಿನಿಂದಲೇ ಸನ್ನದು ಬಂದಿತ್ತು. ಆದರೂ ಬಿಳಿಯರ ಗ್ರ್ಯಾಂಡ್ ಲಾಡ್ಜ್‌ಗಳು ಇನ್ನೂರು ವರ್ಷ ಅವರನ್ನು ನಕಲಿ ಎಂದೇ ಹೇಳುತ್ತಾ ಬಂದವು, ಒಪ್ಪಿಕೊಳ್ಳಲು ಶುರು ಮಾಡಿದ್ದು 1989ರಿಂದ ಈಚೆಗೆ. ಹೆಂಗಸರು ಮೇಸನ್ ಅಂದರೆ ನಗಬೇಡಿ. ಗಂಡಸರು ಹೆಂಗಸರು ಇಬ್ಬರೂ ಇರುವ ‘ಲ ದ್ರುವಾ ಯುಮೆಂ’ ಫ್ರಾನ್ಸಿನಲ್ಲಿ 1893ರಲ್ಲೇ ಹುಟ್ಟಿತು. ಆನಿ ಬೆಸೆಂಟ್ 1902ರಲ್ಲಿ ಅದಕ್ಕೇ ಸೇರಿದ್ದು. ಹಾಗಾಗಿ ‘ನೀವು ಮೇಸನ್ನಾ’ ಅನ್ನುವುದಕ್ಕಿಂತ ‘ಯಾವ ಗ್ರ್ಯಾಂಡ್ ಲಾಡ್ಜ್’ ಅನ್ನುವುದು ಒಳ್ಳೆಯ ಪ್ರಶ್ನೆ.

ನಮ್ಮ ದೇಶದ ಲೆಕ್ಕ ಹೀಗಿದೆ. ಗ್ರ್ಯಾಂಡ್ ಲಾಡ್ಜ್ ಆಫ್ ಇಂಡಿಯಾ 1961ರ ನವೆಂಬರ್ 24ರಂದು ದೆಹಲಿಯಲ್ಲಿ ಶುರುವಾಯಿತು. ಇಂಗ್ಲೆಂಡ್, ಐರ್ಲೆಂಡ್, ಸ್ಕಾಟ್ಲೆಂಡ್ ಮೂರರ ಗ್ರ್ಯಾಂಡ್ ಲಾಡ್ಜ್‌ಗಳೂ ಒಪ್ಪಿ ಮಾಡಿದ್ದು. ಕರ್ನಾಟಕ ಅದರ ದಕ್ಷಿಣ ಭಾರತದ ವಿಭಾಗಕ್ಕೆ ಸೇರುತ್ತದೆ. ಆದರೆ ಆಗ ಕೆಲವು ಲಾಡ್ಜ್‌ಗಳು ಹಳೇ ನಂಟು ಬಿಡಲಿಲ್ಲ, ಭಾರತದಲ್ಲೇ ಇದ್ದುಕೊಂಡು ಈಗಲೂ ಬ್ರಿಟನ್ನಿನ ಗ್ರ್ಯಾಂಡ್ ಲಾಡ್ಜ್‌ಗಳ ಕೆಳಗಿವೆ. ಅದಕ್ಕೇ ಭಾರತದವರೊಬ್ಬರು ತಮ್ಮ ಲಾಡ್ಜ್ ಸ್ಕಾಟ್ಲೆಂಡಿನದು ಅಂದರೆ ಅಷ್ಟಕ್ಕೇ ಅವರನ್ನು ನಕಲಿ ಅನ್ನೋಕಾಗಲ್ಲ.

ಒಂದು ಮಾತು ಆ ಕಡೆಯವರ ಪರವಾಗಿಯೂ. ಬರೀ ಚರ್ಚೆ ಮಾಡುವ ಒಬ್ಬರು ‘ನಾನು ಮೇಸನ್, ಆದರೆ ಲಾಡ್ಜ್ ಹೆಸರು ಹೇಳಲ್ಲ’ ಅಂದರೆ ಬೆನ್ನು ಹತ್ತಬೇಡಿ. ತನ್ನ ಸದಸ್ಯತ್ವ ಹೇಳಿಕೊಳ್ಳುವುದು ಬಿಡುವುದು ಅವರಿಷ್ಟ. ನಾಜಿಗಳ ಕಾಲದಲ್ಲಿ ಈ ಒಂದು ಗುರುತಿಗೇ ಜನ ಜೈಲು, ಕ್ಯಾಂಪು ಕಂಡಿದ್ದಾರೆ, ಈಗಲೂ ಕೆಲವು ದೇಶಗಳಲ್ಲಿ ನಿಷೇಧ ಇದೆ. ಅವರು ಇತಿಹಾಸದ ಬಗ್ಗೆ ಏನೋ ಹೇಳಿದರೆ ಆ ಮಾತು ಸರಿಯಾ ತಪ್ಪಾ ನೋಡಿ, ಅದಕ್ಕೆ ಅವರ ಸರ್ಟಿಫಿಕೇಟ್ ಬೇಕಿಲ್ಲ. ದುಡ್ಡು, ಆಧಾರ್, ಓಟಿಪಿ, ಕೆಲಸ ಕೊಡಿಸುವ ಮಾತು ಇವುಗಳಲ್ಲಿ ಒಂದು ಬಂದರೂ ಆಗ ಪೂರ್ತಿ ಪರೀಕ್ಷೆ ಮಾಡಿ. ‘ಇಂಥ ಮಂತ್ರಿಯೂ ನಮ್ಮವರೇ, ಇಂಥ ನಟನೂ ನಮ್ಮವರೇ’ ಅಂತ ಬದುಕಿರುವವರ ಹೆಸರು ಉದುರಿಸುವವರ ಮೇಲೆ ನನಗೆ ಮೊದಲಿಂದಲೂ ಗುಮಾನಿ, ಇನ್ನೊಬ್ಬ ಸದಸ್ಯನ ಹೆಸರನ್ನು ಅವನ ಒಪ್ಪಿಗೆ ಇಲ್ಲದೆ ಹೇಳುವುದು ಅವರಲ್ಲಿ ಸಲ್ಲದು.

ಈಗ ನಿಮ್ಮ ಆ ಇಬ್ಬರು. ಎರಡನೆಯವರ ಬಗ್ಗೆ ಹೇಳೋಕೆ ಏನೂ ಇಲ್ಲ, ಅವರು ಜಗಳ ಮಾಡಿದ್ದಾರೆ, ನಿಮ್ಮ ಹತ್ತಿರ ಏನೂ ಕೇಳಿಲ್ಲ. ಮೊದಲನೆಯವರು ಮನೆಯಲ್ಲೇ ಸೇರಿಸುತ್ತೇನೆ ಅಂದ ಕೂಡಲೇ ಅವರ ಉಳಿದ ಮಾತೆಲ್ಲ ಬಿದ್ದುಹೋಯಿತು, ಒಂದು ವೇಳೆ ಅವರು ಎಂದೋ ಒಮ್ಮೆ ಅಸಲಿ ಮೇಸನ್ ಆಗಿದ್ದರೂ. ಚಾಟ್‌ನ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ಬ್ಲಾಕ್ ಮಾಡಿ. ಈಗಾಗಲೇ ಏನಾದರೂ ಕಳಿಸಿಬಿಟ್ಟಿದ್ದರೆ ನಾಚಿಕೆ ಬಿಟ್ಟು ಕೂಡಲೇ 1930ಕ್ಕೆ ಫೋನ್ ಮಾಡಿ, ಸೈಬರ್ ವಂಚನೆಯ ದೂರಿಗೆ ಇರುವ ಸಹಾಯವಾಣಿ ಅದು. ಸೇರುವ ಆಸೆ ಇನ್ನೂ ಇದ್ದರೆ ಗ್ರ್ಯಾಂಡ್ ಲಾಡ್ಜ್ ಆಫ್ ಇಂಡಿಯಾಕ್ಕೆ ನೇರವಾಗಿ ಬರೆದು, ದಾವಣಗೆರೆಗೆ ಹತ್ತಿರದ ಲಾಡ್ಜ್ ಯಾವುದು ಅಂತ ಕೇಳಿ. ಉತ್ತರ ನಿಧಾನವಾಗಿ ಬರಬಹುದು, ಬಂದ ಮೇಲೂ ತಿಂಗಳುಗಟ್ಟಲೆ ಕಾಯಿಸಬಹುದು. ನೀವು ಅವರನ್ನು ಪರೀಕ್ಷೆ ಮಾಡಿದ ಹಾಗೆ ಅವರೂ ನಿಮ್ಮನ್ನು ವಿಚಾರಿಸುತ್ತಿರುತ್ತಾರೆ.